ನೀರವ್ವನ ಎಲೆ

ನಾಗಪುರದಲ್ಲಿ ಏಪ್ರಿಲ್ ತಿಂಗಳು ಕಾಲಿಟ್ಟಿತೆಂದರೆ ಪ್ರತಿ ಮನೆಯ ಬಾಲ್ಕನಿಯಲ್ಲೂ ಒಬ್ಬ ಗಂಡಸು ಕೂಲರಿನ ಎದುರು ಕುಕ್ಕರುಗಾಲಿನಲ್ಲಿ ಕೂತಿರುತ್ತಾನೆ. ಗಾಳಿ ತಂಪಾಗಲೆಂದು ಬದಿಗಳಲ್ಲಿ ತುಂಬಿ ನೆನೆಸುವ ಹುಲ್ಲಿನಲ್ಲಿ ಹೋದ ಬೇಸಿಗೆಯದನ್ನು ಕಿತ್ತು ಹೊಸದು ತುಂಬುವುದು, ತಳದಲ್ಲಿ ಗಟ್ಟಿಯಾದ ಸುಣ್ಣ ಕೆರೆಯುವುದು, ಪಂಪು ತಿರುಗದಿದ್ದರೆ ಅದಕ್ಕೆ ಮೂರು ಭಾಷೆಗಳಲ್ಲಿ ಬೈಯುವುದು. ನಾನೂ ಮೊನ್ನೆ ಭಾನುವಾರ ಬೈದು ಮುಗಿಸಿ, ಗ್ಯಾರಂಟಿ ಕಾಗದ ಹುಡುಕಲು ಮೇಜಿನ ಖಾನೆಗೆ ಕೈ ಹಾಕಿದೆ. ಗ್ಯಾರಂಟಿ ಕಾಗದ ಬೇಕಾದಾಗ ಸಿಕ್ಕ ಉದಾಹರಣೆ ನನ್ನ ಆಯುಷ್ಯದಲ್ಲಿಲ್ಲ. ಸಿಕ್ಕಿದ್ದು ಒಂದು ಆಟದ ಎಲೆ.

ಇಸ್ಪೀಟಿನದಲ್ಲ. ಅಂಗಡಿಯಲ್ಲಿ ಚಾಕಲೇಟಿನ ಪಕ್ಕ ಪೊಟ್ಟಣಗಳಲ್ಲಿ ತೂಗುಹಾಕಿರುತ್ತಾರಲ್ಲ, ಮಕ್ಕಳು ಕೂಡಿಹಾಕುವ ಚಿತ್ರದ ಎಲೆಗಳು, ಅವುಗಳಲ್ಲಿ ಒಂದು. ಎರಡು ಕೊಡ ಹೊತ್ತು ಕತ್ತು ಬಗ್ಗಿಸಿ ನಡೆಯುವ ಹೆಂಗಸಿನ ಚಿತ್ರ. ಮೂಲೆಯಲ್ಲಿ ಅವಳ ಬಲ ಎಷ್ಟೆಂಬ ಅಂಕಿ: ಒಂದು. ಅದಕ್ಕಿಂತ ಕಡಿಮೆ ಬಲದವರು ಆ ಆಟದಲ್ಲಿ ಯಾರೂ ಇಲ್ಲ.

"ಪಪ್ಪಾ, ಮಿಳಾಲಾ ಕಾ?" ಎಂದು ಒಳಗಿನಿಂದ ಮಗಳು ಪಲ್ಲವಿ ಕೂಗಿದಳು. ಸಿಕ್ಕಿತಾ ಎಂದು. ಮನೆಯಲ್ಲಿ ಮಾತಾಡುವುದು ಹುಬ್ಬಳ್ಳಿ ಕನ್ನಡವೇ ಆದರೂ ಅವಸರ ಬಿದ್ದಾಗ ಅವಳ ಬಾಯಿಂದ ಮರಾಠಿಯೇ ಬರುತ್ತದೆ. ಇಲ್ಲ ಎಂದೆ. ಎದ್ದು ಹೋಗಬೇಕಿತ್ತು. ಆದರೆ ನೆಲದ ಮೇಲೆ ಹಾಗೇ ಕೂತುಬಿಟ್ಟೆ. ಯಾಕೆ ಕೂತೆನೆಂದು ಹೇಳಬೇಕಾದರೆ, ಓದುವ ನೀವು ಸ್ವಲ್ಪ ತಾಳ್ಮೆ ತಂದುಕೊಳ್ಳಬೇಕು. ಸಂತೋಷದ ಕತೆಯಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ನಾನು ರಬ್ಬರಿನ ಮನುಷ್ಯ. ಇಪ್ಪತ್ತೆರಡು ವರ್ಷಗಳಿಂದ ಬುಟಿಬೋರಿಯ ಒಂದು ಕಾರ್ಖಾನೆಯಲ್ಲಿ, ನೀರಿನ ಪಂಪುಗಳಿಗೆ ಹಾಕುವ ರಬ್ಬರ್ ಸೀಲುಗಳಿಗೆ ಸೂಜಿಯ ಮೀಟರು ಒತ್ತಿ ಮೆತ್ತಗಿವೆಯೋ ಗಟ್ಟಿಯಿವೆಯೋ ನೋಡಿ ಸಹಿ ಹಾಕುವುದು ನನ್ನ ಕೆಲಸ. ಮದುವೆಯ ಮಾತುಕತೆಯಲ್ಲಿ ನಮ್ಮ ಸೋದರಮಾವ ಇದನ್ನು 'ಹುಡುಗ ಕ್ವಾಲಿಟಿಯೊಳಗ ಅದಾನ' ಎಂದು ಹೇಳಿದ್ದ. ನನ್ನ ಹೆಂಡತಿ ಸರೋಜಾ ಆ ಮಾತನ್ನು ಈಗಲೂ ನೆನೆಸಿ ನಗುತ್ತಾಳೆ. ನನಗೆ ಈಚೆಗೆ ನಗು ಬರುವುದಿಲ್ಲ.

ಚಿತ್ರ ಕೂಡಿಸುವ ಚಟ ಮಗಳಿಗೆ ಬಂದದ್ದು ನನ್ನಿಂದಲೇ ಇರಬೇಕು. ಹುಬ್ಬಳ್ಳಿಯಲ್ಲಿ ನಾವು ಚಿಕ್ಕವರಿದ್ದಾಗ ಕಡ್ಡಿಪೆಟ್ಟಿಗೆಯ ಮೇಲಿನ ಚಿತ್ರ ಕೂಡಿಸುತ್ತಿದ್ದೆವು. ನೀರಲ್ಲಿ ನೆನೆಸಿ, ಹರಿಯದಂತೆ ಬಿಡಿಸಿ, ಹಾಸಿಗೆಯ ಕೆಳಗಿಟ್ಟು ನೆಟ್ಟಗೆ ಮಾಡಿ, ಅವುಗಳನ್ನೇ ಪಣಕ್ಕಿಟ್ಟು ಆಡುವುದು. ಎಲ್ಲ ಅಂಗಡಿಯಲ್ಲಿ ಸಿಗುವ ಚಿತ್ರಕ್ಕೆ ಬೆಲೆಯಿಲ್ಲ, ರೈಲಿನಲ್ಲಿ ಬಂದ ಯಾರೋ ಪರವೂರಿನವರು ಎಸೆದದ್ದಕ್ಕೆ ಭಾರೀ ಬೆಲೆ. ನಮ್ಮ ಮನೆ ಸ್ಟೇಷನ್ ಹತ್ತಿರ. ಹಾಗಾಗಿ ದೊಡ್ಡ ಬೆಲೆಯವೆಲ್ಲ ನನ್ನ ಹತ್ತಿರ. ಆಟ ಬಂದು ನಾನು ಗೆದ್ದದ್ದಲ್ಲ. ಸ್ಟೇಷನ್ ಹತ್ತಿರ ಇದ್ದದ್ದಕ್ಕೆ ಗೆದ್ದೆ. ಆ ವಯಸ್ಸಿನಲ್ಲಿ ಎರಡಕ್ಕೂ ವ್ಯತ್ಯಾಸ ತಿಳಿಯಲಿಲ್ಲ. ಐವತ್ತು ದಾಟುವತನಕವೂ ತಿಳಿಯಲಿಲ್ಲ ಎನ್ನುವುದು ಬೇರೆ ಮಾತು.

ಪಲ್ಲವಿ ಒಂಬತ್ತನೇ ತರಗತಿಗೆ ಬಂದ ಮೇಲೆ ಎಲೆಗಳ ಡಬ್ಬಿಯನ್ನು ರದ್ದಿಗೆ ಹಾಕಲು ತೆಗೆದಿಟ್ಟಳು. ನನಗೆ ಹೊಟ್ಟೆ ಉರಿಯಿತು. "ಇದರ ಆಟ ಹ್ಯಾಂಗ, ಹೇಳ" ಎಂದೆ. ಅವಳು ಕಣ್ಣು ಮೇಲೆ ಮಾಡಿ, ಹತ್ತು ನಿಮಿಷದಲ್ಲಿ ಹೇಳಿ ಮುಗಿಸಿದಳು. ಸುಲಭದ ಆಟ. ಇಬ್ಬರಿಗೂ ನಲವತ್ತು ನಲವತ್ತು ಎಲೆ. ಒಂದೊಂದು ಎಲೆಯಲ್ಲಿ ಒಂದೊಂದು ಪಾತ್ರ, ಆನೆ, ಗರುಡ, ಬಿಲ್ಲುಗಾರ, ಹೀಗೆ. ಸರದಿಯ ಪ್ರಕಾರ ಒಂದೊಂದನ್ನು ಎದುರಿಗಿಡಬೇಕು. ಹೆಚ್ಚಿನ ಬಲದ್ದು ಕಡಿಮೆ ಬಲದ್ದನ್ನು ಹೊಡೆದು ಬೀಳಿಸುತ್ತದೆ. ಎದುರಿಗೆ ಯಾರೂ ಇಲ್ಲದಾಗ ಹಿಂದಿನ ಕೋಟೆಗೆ ಐದು ಏಟು ಕೊಟ್ಟವರು ಗೆದ್ದಂತೆ.

"ಮತ್ತ ಈ ನೀರು ಹೊರುವಾಕಿ ಏನ್ ಮಾಡ್ತಾಳ?"

"ಕಾಹೀ ನಾಹೀ, ಏನೂ ಮಾಡೂದಿಲ್ಲ. ಬಿಲ್ಕುಲ್ ಬೇಕಾರ್ ಕಾರ್ಡ್ ಐತಿ ಪಪ್ಪಾ. ಪ್ರತಿ ಪಾಕೀಟಿನ್ಯಾಗೂ ಬರ್ತಾಳ. ಒಗದ ಬಿಡ್ರಿ."

ಒಗೆಯಲಿಲ್ಲ. ಡಬ್ಬಿಯನ್ನು ಊಟದ ಚೀಲದಲ್ಲಿ ಹಾಕಿಕೊಂಡು ಮರುದಿನ ಕಾರ್ಖಾನೆಯ ಬಸ್ಸು ಹತ್ತಿದೆ.

ನಮ್ಮ ಬಸ್ಸು ತ್ರಿಮೂರ್ತಿನಗರದಿಂದ ಬುಟಿಬೋರಿಗೆ ಒಂದು ತಾಸು ತೆಗೆದುಕೊಳ್ಳುತ್ತದೆ. ಮುಂದಿನ ಸೀಟುಗಳಲ್ಲಿ ಮಲಗುವವರು, ನಡುವೆ ರಮ್ಮಿ ಆಡುವವರು, ಕೊನೆಯ ಉದ್ದ ಸೀಟಿನಲ್ಲಿ ನಾನು ಮತ್ತು ಶಿವಪುತ್ರ. ಶಿವಪುತ್ರ ಸ್ಟೋರಿನವನು, ವಿಜಯಪುರದ ಕಡೆಯವನು. ನನಗಿಂತ ಹತ್ತು ವರ್ಷ ಚಿಕ್ಕವನು. ಸೋಮಲವಾಡಾ ಸ್ಟಾಪಿನಲ್ಲಿ ಹತ್ತುತ್ತಿದ್ದ. ಹನ್ನೊಂದು ವರ್ಷದಿಂದ ಅದೇ ಸ್ಟೋರಿನಲ್ಲಿ ಕೆಲಸ, ಆದರೆ ಹೆಸರು ಕಂಪನಿಯ ಪಟ್ಟಿಯಲ್ಲಿಲ್ಲ, ಗುತ್ತಿಗೆದಾರನ ಪಟ್ಟಿಯಲ್ಲಿ. ಇಡೀ ಬಸ್ಸಿನಲ್ಲಿ ಕನ್ನಡದವರು ನಾವಿಬ್ಬರೇ. ದಿನವಿಡೀ ಹಿಂದಿ ಮರಾಠಿಗಳಲ್ಲಿ ಬರೋಬರ್, ಜಲ್ದಿ ಎನ್ನುತ್ತ ತಿರುಗಿದ ನಾಲಿಗೆ ಆ ಕೊನೆಯ ಸೀಟಿನಲ್ಲಿ ಕಾಲು ಚಾಚಿ ಕೂರುತ್ತಿತ್ತು.

ಎಲೆ ಹಂಚುವಾಗ ನಾನೇನು ಮಾಡಿದೆನೆಂದು ಹೇಳಲು ನಾಚಿಕೆಯಾಗುತ್ತದೆ. ಡಬ್ಬಿ ನನ್ನದಲ್ಲವೇ? ಆನೆ, ಗರುಡಗಳಲ್ಲಿ ಮುಕ್ಕಾಲು ಪಾಲು ನಾನಿಟ್ಟುಕೊಂಡೆ. ಉಳಿದವುಗಳ ಜೊತೆ ನಾಲ್ಕು ನೀರು ಹೊರುವವಳ ಎಲೆಗಳನ್ನೂ ಸೇರಿಸಿ ಅವನಿಗೆ ಕೊಟ್ಟೆ. ಅವನು ಎಣಿಸಿ ನೋಡಿದ. ನಲವತ್ತು ಸರಿಯಾಗಿತ್ತು. ಕೈಯಲ್ಲಿ ಜೋಡಿಸಿಕೊಂಡ.

ಮೊದಲ ಎರಡು ವಾರ ನಾನು ಗೆದ್ದೇ ಗೆದ್ದೆ. ಪ್ರತಿ ದಿನ ಬೆಳಗ್ಗೆ ಒಂದು ಆಟ, ಸಂಜೆ ಒಂದು ಆಟ. ಅವನು ಸೋತು, ಎಲೆ ಕೂಡಿಸಿ ಕೈಯಲ್ಲಿಟ್ಟು, "ಭಾಳ ಚಲೋ ಆಡ್ತೀರಿ ಸರ್" ಎನ್ನುತ್ತಿದ್ದ. ನಾನು ಅದನ್ನು ನಂಬಿದೆ.

ಮೂರನೆಯ ವಾರ ಅವನು ಒಂದು ಪ್ಲೈವುಡ್ ಹಲಗೆ ತಂದ. ಬಸ್ಸು ಕುಲುಕಿದಾಗ ಎಲೆ ಜಾರದಂತೆ ಅದರ ಮೇಲೆ ತೆಳು ರಬ್ಬರ್ ಹಾಳೆ ಅಂಟಿಸಿದ್ದ. ಸ್ಟೋರಿನಲ್ಲಿ ಗುಜರಿಗೆ ಹೋಗುವ ತುಂಡುಗಳಲ್ಲಿ ಮಾಡಿದ್ದು. ಅವತ್ತು ಅವನು ಮೊದಲ ಸರದಿಯಲ್ಲೇ ನೀರು ಹೊರುವವಳನ್ನು ಮುಂದಿಟ್ಟ. ನಾನು ನಕ್ಕೆ.

"ಅಲ್ಲೋ ಮಾರಾಯಾ, ಇಕಿನ್ನ ಯಾಕಿಟ್ಟಿ? ನನ್ನ ಆನಿ ಮುಂದ ಕೊಡ ಹಿಡಕೊಂಡು ನಿಂದರ್ತಾಳೇನು?"

"ನಿಂದರ್ಲಿ ಬಿಡ್ರಿ. ಹೊಡೀರಿ ನೀವು."

ಹೊಡೆದೆ. ಅವಳು ಬಿದ್ದಳು. ಅವನು ಅವಳ ಎಲೆ ಎತ್ತಿ, ಕೆಳಗೆ ಬರೆದಿದ್ದ ಸಣ್ಣಕ್ಷರದ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದ. ಇವಳು ಬಿದ್ದಾಗ, ಮೊದಲೇ ಬಿದ್ದವರಲ್ಲಿ ಒಬ್ಬರನ್ನು ಎತ್ತಿ ನಿಮ್ಮ ಕೈಗೆ ತೆಗೆದುಕೊಳ್ಳಬಹುದು ಎಂದು ಅದರ ಅರ್ಥ. ಆ ಸಾಲನ್ನು ನನ್ನ ಮಗಳು ಓದಿರಲಿಲ್ಲ. ಇಪ್ಪತ್ತೆರಡು ವರ್ಷ ಓದಿ ನೋಡಿ ಸಹಿ ಹಾಕುವುದೇ ಕೆಲಸವಾದ ನಾನೂ ಓದಿರಲಿಲ್ಲ.

"ಇನ್ನೂ ಯಾರೂ ಬಿದ್ದಿಲ್ಲಲ್ಲ ನಿನ್ನ ಕಡೆ" ಎಂದೆ.

"ಇನ್ನ ಮ್ಯಾಲ ಬೀಳ್ತಾರ್ರೀ. ನೀವ ಅದೀರಲ್ಲ."

ಅವನಿಗಿದ್ದದ್ದು ಎರಡೇ ಆನೆ. ಆದರೆ ನಾನು ಅವುಗಳನ್ನು ಬೀಳಿಸಿದಷ್ಟು ಸಲ ಅವನು ಒಬ್ಬ ನೀರು ಹೊರುವವಳನ್ನು ಎದುರಿಗಿಡುತ್ತಿದ್ದ. ಎದುರಿಗಿದ್ದವರನ್ನು ಹೊಡೆಯದೆ ಕೋಟೆ ಮುಟ್ಟುವಂತಿಲ್ಲ. ಹೊಡೆದರೆ ಆನೆ ತಿರುಗಿ ಬರುತ್ತದೆ. ನನ್ನ ಗರುಡಗಳು ಇಡೀ ಹಾದಿ ಕೊಡ ಹೊತ್ತ ಹೆಂಗಸರನ್ನು ಕುಕ್ಕುತ್ತ ಸುಸ್ತಾದವು. ಬುಟಿಬೋರಿಯ ಸೇತುವೆ ಇಳಿಯುವಷ್ಟರಲ್ಲಿ ನಾನು ಸೋತಿದ್ದೆ.

ಅಂದಿನಿಂದ ಅವನು ಅವಳನ್ನು ನೀರವ್ವ ಎಂದು ಕರೆದ. "ನಮ್ಮ ನೀರವ್ವ ಬಂದ್ಲು ನೋಡ್ರಿ" ಎನ್ನುವನು. ರಮ್ಮಿಯವರೂ ಎದ್ದು ಬಂದು ಸೀಟಿನ ಮೇಲೆ ಬಗ್ಗಿ ನೋಡತೊಡಗಿದರು. ಐವತ್ತರ ಗಂಡಸು ಚಾಕಲೇಟಿನ ಅಂಗಡಿಯ ಎಲೆಯಾಟದಲ್ಲಿ ಸೋತು ಮುಖ ಊದಿಸಿಕೊಳ್ಳುವುದು ಅವರಿಗೆ ರಮ್ಮಿಗಿಂತ ಹೆಚ್ಚಿನ ಮೋಜಾಗಿತ್ತು. ಹೋಗಲಿ, ನಾನೂ ಒಬ್ಬ ನೀರವ್ವನನ್ನು ಇಟ್ಟುಕೊಳ್ಳುತ್ತೇನೆಂದು ಅವನಿಂದ ಒಂದು ಎಲೆ ಕೇಳಿ ತೆಗೆದುಕೊಂಡೆ. ನನ್ನ ಕೈಯಲ್ಲಿ ಅವಳು ಕೆಲಸ ಮಾಡಲಿಲ್ಲ. ಅವಳನ್ನು ಯಾವಾಗ ಇಡಬೇಕೆಂದು ತಿಳಿಯಬೇಕಾದರೆ ಬಲದ ಎಲೆಯನ್ನು ಕೈಯಲ್ಲೇ ಹಿಡಿದು ಕಾಯುವ ಸಹನೆ ಬೇಕು. ನನ್ನ ಕೈಗೆ ಗರುಡ ಬಂತೆಂದರೆ ನಾನು ಕಾಯಲಾರೆ.

ಇಷ್ಟಕ್ಕೇ ಮುಗಿದಿದ್ದರೆ ಇದೊಂದು ನಗೆಯ ಪ್ರಸಂಗವಾಗಿ, ಬಂದವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ.

ಆ ವರ್ಷ ದೀಪಾವಳಿಗೆ ಒಂದು ತಿಂಗಳಿರುವಾಗ ಒಂದು ಶುಕ್ರವಾರ. ಬೆಳಗಿನ ಆಟ ಮುಗಿಯದೆ ಬಸ್ಸು ಗೇಟು ಮುಟ್ಟಿತು. ಹನ್ನೊಂದು ದಿನ ಸತತ ಸೋತ ನಾನು ಅವತ್ತು ಗೆಲ್ಲುವಂತಿದ್ದೆ. ಅವನ ಕೋಟೆಗೆ ಇನ್ನೊಂದೇ ಏಟು ಬಾಕಿ. ಹಲಗೆಯ ಮೇಲೆ ಪೇಪರು ಮುಚ್ಚಿ, ಸೀಟಿನ ಮೇಲೆ ಹಾಗೇ ಬಿಟ್ಟು ಇಳಿದೆವು. ಬಸ್ಸು ದಿನವಿಡೀ ಒಳಗೇ ನಿಂತಿರುತ್ತಿತ್ತು. ನಾನು ದಿನವಿಡೀ ಆ ಹಲಗೆಯನ್ನೇ ಕಣ್ಣಲ್ಲಿಟ್ಟುಕೊಂಡು ಓಡಾಡಿದೆ.

ಸಂಜೆ ಬಸ್ಸು ಬಿಡಲು ಹತ್ತು ನಿಮಿಷವಿದೆ ಎನ್ನುವಾಗ ಒಂದು ಲಾಟಿನ, ಎಂದರೆ ಒಂದೇ ಸಲಕ್ಕೆ ತಯಾರಾದ ಸೀಲುಗಳ ರಾಶಿಯ, ಕಾಗದ ಮೇಜಿಗೆ ಬಂತು. ಲಾರಿ ಹೊರಡಲು ನನ್ನ ಸಹಿ ಬೇಕು. ಕ್ರಮವೇನೆಂದರೆ, ಸ್ಟೋರಿಗೆ ಫೋನು ಮಾಡಿ ಆ ಲಾಟಿನ ರಬ್ಬರ್ ತುಂಡು ತರಿಸಬೇಕು, ಐದು ಕಡೆ ಸೂಜಿ ಒತ್ತಬೇಕು, ಐದು ಅಂಕಿ ಬರೆಯಬೇಕು. ಹದಿನೈದು ನಿಮಿಷದ ಕೆಲಸ. ಹೊರಗೆ ಬಸ್ಸು ಹಾರ್ನು ಹಾಕಿತು. ನಾನು ಹಿಂದಿನ ಲಾಟಿನ ಅಂಕಿಗಳನ್ನು ನೋಡಿ, ಅಲ್ಲೊಂದು ಇಲ್ಲೊಂದು ಹೆಚ್ಚು ಕಡಿಮೆ ಮಾಡಿ ಬರೆದು, ಸಹಿ ಹಾಕಿ ಓಡಿದೆ. ಇಪ್ಪತ್ತೆರಡು ವರ್ಷದಲ್ಲಿ ಹಾಗೆ ಮಾಡಿದ್ದು ಅದೇ ಮೊದಲು ಎಂದರೆ ನೀವು ನಂಬಬೇಕಿಲ್ಲ. ಆದರೆ ನಿಜ.

ಅವತ್ತಿನ ಆಟವನ್ನೂ ನಾನು ಸೋತೆ.

ದೀಪಾವಳಿ ಮುಗಿದು ಎರಡು ವಾರಕ್ಕೆ ಆ ಲಾಟು ತಿರುಗಿ ಬಂತು. ಸೀಲುಗಳು ಪಂಪಿಗೆ ಹಾಕಿದ ಕೂಡಲೇ ಸೀಳು ಬಿಡುತ್ತಿದ್ದವು. ರಬ್ಬರ್ ಬರುವಾಗಲೇ ಹಳೆಯದಾಗಿ ಗಟ್ಟಿಯಾಗಿತ್ತು. ತಪ್ಪು ನಮಗೆ ರಬ್ಬರ್ ಮಾರಿದವರದು. ಆದರೆ ಒಂದೇ ಒಂದು ಸಲ ಸೂಜಿ ಒತ್ತಿದ್ದರೂ ತಿಳಿಯುತ್ತಿತ್ತು. ದೊಡ್ಡ ಸಾಹೇಬರು ಮೀಟಿಂಗ್ ಕರೆದರು. ಗೋಡೆಯ ಪಕ್ಕ ಸ್ಟೋರಿನವರು ನಿಂತಿದ್ದರು. ಕುರ್ಚಿಗಳಲ್ಲಿ ನಾವು.

"ಟೆಸ್ಟ್ ಆಗಿತ್ತೇ?" ಎಂದು ಸಾಹೇಬರು ಹಿಂದಿಯಲ್ಲಿ ಕೇಳಿದರು.

"ಆಗಿತ್ತು" ಎಂದೆ. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ಯಾರೂ ಕೇಳದೆ ಇನ್ನೊಂದು ಮಾತು ನನ್ನ ಬಾಯಿಂದ ಬಂತು. "ಸ್ಟೋರಿನಿಂದ ಬಂದ ತುಂಡು ಸರಿಯಾಗೇ ಇತ್ತು. ತುಂಡು ಈ ಲಾಟಿನದೋ ಅಲ್ಲವೋ, ಅದು ನನಗೆ ಗೊತ್ತಾಗುವುದಿಲ್ಲ."

ಎಲ್ಲರೂ ಗೋಡೆಯ ಕಡೆ ತಿರುಗಿದರು. ಸ್ಟೋರಿನಲ್ಲಿ ತುಂಡು ಕತ್ತರಿಸಿ ಕೊಡುವವನು ಶಿವಪುತ್ರನೇ.

"ಬೇರೆ ಲಾಟಿನ ತುಂಡು ಕೊಟ್ಟಿದ್ದೆಯಾ?"

ಅವನು ಸಾಹೇಬರನ್ನು ನೋಡಲಿಲ್ಲ. ನನ್ನನ್ನು ನೋಡಿದ. ಸಿಟ್ಟಿನ ನೋಟವಲ್ಲ. ಆಟದಲ್ಲಿ ನನ್ನ ಸರದಿ ಬಂದಾಗ ಎಲೆ ಇಡಲಿ ಎಂದು ನೋಡುತ್ತ ಕೂರುತ್ತಿದ್ದನಲ್ಲ, ಹಾಗೆ. ನಾನು ಮೇಜಿನ ಮೇಲಿನ ನೀರಿನ ಬಾಟಲಿ ನೋಡಿದೆ. ಆಮೇಲೆ ಅವನು, "ಹೋ ಸಕತಾ ಹೈ ಸಾಬ್" ಎಂದ. ಆಗಿರಬಹುದು ಎಂದು.

ಸಂಜೆ ಬಸ್ಸಿನಲ್ಲಿ ಹಲಗೆ ತೆಗೆದ. ನಾನು ತಲೆನೋವೆಂದೆ.

"ವಾರ್ನಿಂಗ್ ಲೆಟರ್ ಕೊಡತಾರಂತ್ರಿ" ಎಂದ. "ಕೊಡ್ಲಿ ಬಿಡ್ರಿ. ಕಾಗದಾನ ಅಲ್ಲೇನು."

"ನೋಡೂಣಂತ" ಎಂದೆ. ಎಷ್ಟು ದೊಡ್ಡ ಮಾತು ನೋಡಿ. ನೋಡೋಣಂತೆ. ನೋಡುವುದೇನಿತ್ತು? ಮರುದಿನ ಬೆಳಗ್ಗೆ ಗೇಟಿನಲ್ಲಿ ಕಾವಲಿನವನು ಬಸ್ಸು ಹತ್ತಿ, ಅವನ ಹೆಸರು ಕರೆದು, ಪಾಸು ತೆಗೆದುಕೊಂಡು, ಇಳಿಯಲು ಹೇಳಿದ. ಗುತ್ತಿಗೆಯವರಿಗೆ ವಾರ್ನಿಂಗ್ ಕಾಗದ ಕೊಡುವ ಪದ್ಧತಿಯೇ ಇರಲಿಲ್ಲ. ಶಿವಪುತ್ರ ಊಟದ ಡಬ್ಬಿ ಹಿಡಿದು ಇಳಿದ. ಇಳಿಯುವಾಗ ಹಲಗೆಯನ್ನು ಸೀಟಿನ ಕೆಳಗೆ ಸರಿಸಿದ, ಯಾರ ಕಾಲಿಗೂ ತಾಗಬಾರದೆಂದು. ಬಸ್ಸು ಒಳಗೆ ಹೋಯಿತು. ಬಸ್ಸಿನಲ್ಲಿ ನಾನಿದ್ದೆ. ಹಿಂದಿನ ಗಾಜಿನಿಂದ ನೋಡಿದರೆ ಅವನು ಗೇಟಿನ ಹೊರಗೆ, ಕಾವಲಿನವನಿಗೆ ಏನೋ ಸಮಾಧಾನದಿಂದ ವಿವರಿಸುತ್ತಿದ್ದ.

ನಾನು ಇಳಿಯಲಿಲ್ಲ. ಈ ಒಂದು ವಾಕ್ಯವನ್ನು ಎಷ್ಟೋ ರೀತಿ ಬರೆದು ನೋಡಿದ್ದೇನೆ. ಬಾಗಿಲಲ್ಲಿ ಜನರಿದ್ದರು, ಡ್ರೈವರು ನಿಲ್ಲಿಸಲಿಲ್ಲ, ನನಗೆ ತಿಳಿಯುವಷ್ಟರಲ್ಲಿ, ಹೀಗೆಲ್ಲ. ಯಾವುದೂ ನಿಲ್ಲುವುದಿಲ್ಲ. ಇಳಿಯಲಿಲ್ಲ ಎಂಬುದು ಮಾತ್ರ ನಿಲ್ಲುತ್ತದೆ.

ಸಾಹೇಬರಿಗೆ ನಾಳೆ ಹೇಳೋಣ ಎಂದುಕೊಂಡೆ. ನಾಳೆ ಅವರು ಪುಣೆಗೆ ಹೋಗಿದ್ದರು. ಬಂದ ಮೇಲೆ ಮೂಡು ಸರಿಯಿರಲಿಲ್ಲ. ಆಮೇಲೆ ಪಲ್ಲವಿಯ ಪರೀಕ್ಷೆ. ಅವಳ ಪರೀಕ್ಷೆಗೂ ನನ್ನ ಬಾಯಿಗೂ ಏನು ಸಂಬಂಧವೆಂದು ನೀವು ಕೇಳಬಹುದು. ಹೇಡಿಗೆ ಎಲ್ಲದಕ್ಕೂ ಸಂಬಂಧ ಕಾಣುತ್ತದೆ. ಶಿವಪುತ್ರನಿಗೆ ಫೋನು ಮಾಡಲೂ ಧೈರ್ಯವಾಗಲಿಲ್ಲ. ಅವನೇ ಒಂದೆರಡು ಸಲ ಮಾಡಿದ. ನಾನು ಎತ್ತಲಿಲ್ಲ. ಆಮೇಲೆ ಆ ನಂಬರು ಬಂದ್ ಆಯಿತು. ಹಲಗೆಯನ್ನು ರಮ್ಮಿಯವರು ಎತ್ತಿಕೊಂಡರು, ಬಹಳ ಅನುಕೂಲವಾಗಿದೆ ಎಂದರು. ನಾನು ಮುಂದಿನ ಸೀಟುಗಳಿಗೆ ಹೋಗಿ ಮಲಗುವವರ ನಡುವೆ ಕಣ್ಣು ಮುಚ್ಚಿ ಕೂತೆ. ಮಾರ್ಚಿನಲ್ಲಿ ಕಂಪನಿ ಹೊಸ ನಿಯಮ ಮಾಡಿತು. ಇನ್ನು ಮೇಲೆ ಸ್ಟೋರಿನ ತುಂಡುಗಳ ಮೇಲೆ ನಿಗಾ ಇಡಲು ಒಬ್ಬ ಅನುಭವಸ್ಥ ಬೇಕು. ಆ ಜವಾಬ್ದಾರಿಯನ್ನು ನನಗೆ ಕೊಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಎದ್ದು ನಿಂತು ಕೈಮುಗಿದೆ.

ಜೂನ್ ಕೊನೆಯಲ್ಲಿ ಸ್ಟೋರಿನವನೊಬ್ಬ ಮಾತಿನ ನಡುವೆ, ಶಿವಪುತ್ರ ನಾಗಪುರದ ಅಂಚಿನ ವಾಡಿಯ ಗೋದಾಮಿನಲ್ಲಿ ಮೂಟೆ ಎಣಿಸುವ ಕೆಲಸಕ್ಕಿದ್ದಾನೆ ಎಂದ. ಆ ಭಾನುವಾರ ಹೋದೆ. ಅಮರಾವತಿ ರಸ್ತೆಯ ಎರಡೂ ಬದಿಗೆ ಲಾರಿಗಳು, ಕೆಸರು, ಡೀಸೆಲ್ ವಾಸನೆ. ಗೋದಾಮಿನ ಬಾಗಿಲಲ್ಲಿ ಅವನು ಎಣಿಸುತ್ತಿರಲಿಲ್ಲ, ಹೊರುತ್ತಿದ್ದ. ಇಬ್ಬರು ಹಮಾಲರು ಬಂದಿರಲಿಲ್ಲವಂತೆ. ನನ್ನನ್ನು ನೋಡಿ ಮೂಟೆ ಇಳಿಸಿ, ತಲೆಯ ಮೇಲಿನ ಗೋಣಿ ತೆಗೆದು ಮುಖ ಒರೆಸಿಕೊಂಡ.

"ಬರ್ರಿ ಸರ್. ಎಷ್ಟ ದಿವಸಾತು. ಪಲ್ಲವಿ ಆರಾಮ?"

ಆರಾಮ ಎಂದೆ. ಅವನ ಮಗಳನ್ನು ವಿಚಾರಿಸಿದೆ. ಅವಳನ್ನು ಸ್ಕೂಲು ಬಿಡಿಸಿ ವಿಜಯಪುರದಲ್ಲಿ ಅಜ್ಜಿಯ ಹತ್ತಿರ ಬಿಟ್ಟಿದ್ದರು. ಇಲ್ಲಿಂದ ಸ್ಕೂಲು ದೂರ ಎಂದ. ನಾವು ಒಂದು ಲಾರಿಯ ನೆರಳಿನಲ್ಲಿ ನಿಂತೆವು. ಏಳು ತಿಂಗಳು ಬಾಯಲ್ಲಿಟ್ಟುಕೊಂಡು ತಿರುಗಿದ್ದನ್ನು ಒಂದೇ ಉಸಿರಿಗೆ ಹೇಳಿದೆ.

"ಶಿವಪುತ್ರ, ಆ ಲಾಟ ನಾ ಟೆಸ್ಟ ಮಾಡಿರಲಿಲ್ಲ."

"ಗೊತ್ತೈತ್ರಿ."

"ಗೊತ್ತೈತಿ?"

"ತುಂಡ ಕೊಡಾಂವ ನಾನ ಅಲ್ಲೇನ್ರಿ ಸರ್? ಅವತ್ತ ನೀವು ತುಂಡ ಕೇಳೇ ಇಲ್ಲ. ಕೊಡಲಾರದ ತುಂಡು ಬ್ಯಾರೆ ಲಾಟಿಂದು ಹ್ಯಾಂಗ ಆಗ್ತೈತ್ರಿ?"

ಇಷ್ಟು ಸರಳವಾದ ಮಾತು. ಆ ಕೋಣೆಯಲ್ಲಿ ಅವನು ಇದನ್ನು ಹೇಳಿದ್ದರೆ ನನ್ನ ಸುಳ್ಳು ಅಲ್ಲೇ ಹರಿದು ಹೋಗುತ್ತಿತ್ತು.

"ಮತ್ತ ಯಾಕ ಹೇಳಲಿಲ್ಲ ನೀನು?"

ಅವನು ಗೋಣಿಯ ಒಂದು ನಾರು ಕಿತ್ತ. "ನೀವ ಹೇಳ್ತೀರಿ ಅಂತ ಕಾದ್ನಿ" ಎಂದ. "ಎಲ್ಲಾರ ಮುಂದ ನಿಮಗ ಕಸಿವಿಸಿ ಆಗಿರಬೇಕು, ಆಮ್ಯಾಗ ಸಾಹೇಬರ ರೂಮಿಗೆ ಹೋಗಿ ಹೇಳ್ತೀರಿ ಅಂದ್ಕೊಂಡೆ. ಬಸ್ಸಿನ್ಯಾಗ ನೋಡೂಣಂತ ಅಂದ್ರೆಲ್ಲ."

ಗೋದಾಮಿನಿಂದ ಯಾರೋ ಕೂಗಿದರು. ಅವನು ಗೋಣಿಯನ್ನು ಮತ್ತೆ ತಲೆಗೆ ಹಾಕಿಕೊಂಡು, "ಬರ್ತೀನ್ರಿ ಸರ್, ಲಾರಿ ನಿಂತೈತಿ" ಎಂದು ಹೋದ.

ಸೋಮವಾರ ಬೆಳಗ್ಗೆ ನಾನು ಸಾಹೇಬರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಕೆಲಸ ಹೋದರೆ ಹೋಗಲಿ ಎಂದು ನಿರ್ಧರಿಸಿದ್ದೆ. ಆ ನಿರ್ಧಾರದಿಂದ ಮನಸ್ಸು ಸ್ವಲ್ಪ ಉಬ್ಬಿಯೂ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ. ಸಾಹೇಬರು ಕೇಳಿಸಿಕೊಂಡು, ಎದ್ದು ಬಾಗಿಲು ಹಾಕಿ ಬಂದರು. ಕೈಕೆಳಗಿನವನು ತುಂಡು ಬದಲಾಯಿಸಿದ, ಅವನನ್ನು ತೆಗೆದುಹಾಕಿದ್ದೇವೆ ಎಂದು ಗಿರಾಕಿಗೆ ಬರೆದು ಕೊಟ್ಟಾಗಿದೆ, ಅವರು ಒಪ್ಪಿದ್ದಾರೆ, ಫೈಲು ಮುಗಿದಿದೆ ಎಂದರು. ಈಗ ಟೆಸ್ಟೇ ಆಗಿರಲಿಲ್ಲ ಎಂದರೆ ಅವರು ನಮ್ಮ ಹಳೆಯ ಲಾಟುಗಳನ್ನೆಲ್ಲ ಕೇಳುತ್ತಾರೆ. ಆ ಲೈನೇ ನಿಲ್ಲುತ್ತದೆ. ಅದರಲ್ಲಿ ಕೆಲಸ ಮಾಡುವವರೆಲ್ಲ ಹೊರಗೆ.

"ನನ್ನನ್ನು ತೆಗೆಯಿರಿ" ಎಂದೆ. "ಅವನನ್ನು ತಿರುಗಿ ತೆಗೆದುಕೊಳ್ಳಿ."

"ತೆಗೆಯಲು ಕಾರಣ ಬರೆಯಬೇಕಾಗುತ್ತದೆ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಕಾಯಿಲೆಯವನ ಜೊತೆ ಮಾತಾಡಿದಂತೆ ಮಾತಾಡಿದರು. "ನೀವು ಒಳ್ಳೆಯ ಮನುಷ್ಯರು. ಎರಡು ದಿನ ರಜೆ ತೆಗೆದುಕೊಳ್ಳಿ."

ನಾನು ರಾಜೀನಾಮೆ ಬರೆದೆ. ಚೀಲದಲ್ಲಿಟ್ಟುಕೊಂಡು ಒಂದು ವಾರ ತಿರುಗಿದೆ. ಕೊಡಲಿಲ್ಲ. ನಾನು ಕೆಲಸ ಬಿಟ್ಟರೆ ಶಿವಪುತ್ರನಿಗೇನು ಸಿಗುತ್ತದೆ ಎಂದು ಸರೋಜಾ ಕೇಳಿದಳು. ಅವಳಿಗೆ ಎಲ್ಲ ಹೇಳಿದ್ದೆ. ಅವಳ ಪ್ರಶ್ನೆ ಸರಿಯಾಗಿತ್ತು. ಅದು ಸರಿಯಾಗಿದ್ದದ್ದು ನನಗೆ ಎಷ್ಟು ಅನುಕೂಲವಾಗಿತ್ತೆಂದರೆ, ಆಮೇಲೆ ಅವಳ ಮುಖ ನೋಡಲಾಗಲಿಲ್ಲ.

ಸಾಹೇಬರಿಗೆ ಹೇಳಿದ್ದೇನೆ, ಅವರು ಕೇಳಲಿಲ್ಲ, ಎಂದಾದರೂ ಅವನಿಗೆ ತಿಳಿಸಬೇಕಲ್ಲ? ಇನ್ನೊಂದು ಭಾನುವಾರ ವಾಡಿಗೆ ಹೋದೆ. ಗೋದಾಮಿನಲ್ಲಿ ಅವನಿರಲಿಲ್ಲ. ಲಾರಿಯ ಜೊತೆ ಮಾಲು ಇಳಿಸಲು ಹೋಗಿದ್ದಾನೆ, ಮಧ್ಯಾಹ್ನ ಬರುತ್ತಾನೆ ಎಂದು ಹೇಳಿ ಹಿಂದಿನ ಓಣಿಯ ಮನೆ ತೋರಿಸಿದರು. ತಗಡಿನ ಮಾಡಿನ ಒಂದು ಕೋಣೆ. ಅವನ ಹೆಂಡತಿ ಮಹಾದೇವಿ ಬಾಗಿಲ ಪಕ್ಕ ಕೂತು ರೊಟ್ಟಿ ಬಡಿಯುತ್ತಿದ್ದಳು. ನಾನು ಯಾರೆಂದು ಹೇಳಿದ ಕೂಡಲೇ ಹಿಟ್ಟಿನ ಕೈಯಿಂದಲೇ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

"ಬಸ್ಸಿನ ಸರ್ ಅಲ್ರಿ? ಬರ್ರಿ ಬರ್ರಿ, ಒಳಗ ಬರ್ರಿ. ಇವರು ಭಾಳ ಹೇಳ್ತಿರತಾರ್ರೀ ನಿಮ್ಮ ಸುದ್ದಿ."

ಚಾಪೆ ಹಾಸಿದಳು. ಬೇಡ ಎನ್ನುತ್ತಿದ್ದರೂ ತಾಟಿನಲ್ಲಿ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ಇಟ್ಟು ಮುಂದಿಟ್ಟಳು. ನಾಗಪುರದಲ್ಲಿ ಎಷ್ಟೋ ವರ್ಷಗಳಿಂದ ಇದ್ದೇನೆ. ಅಂಥ ರೊಟ್ಟಿಯನ್ನು ನಮ್ಮ ಮನೆಯ ಹೊರಗೆ ನೋಡಿದ್ದಿಲ್ಲ.

"ಇಷ್ಟ ಮಂದಿ ಇದ್ರು ಕಂಪನ್ಯಾಗ" ಎಂದಳು, ಮತ್ತೆ ಒಲೆಯ ಮುಂದೆ ಕೂರುತ್ತ. "ಒಬ್ಬರ ಬಂದ ಕೇಳಲಿಲ್ರಿ. ನೀವೊಬ್ಬರ ಬಂದ್ರಿ ನೋಡ್ರಿ. ತಪ್ಪ ಇವರದ ಐತಿ, ಇಲ್ಲನ್ನೂದಿಲ್ಲ. ಖರೇ ಹನ್ನೊಂದ ವರ್ಷ ದುಡದಾರ್ರಿ. ಒಂದ ತುಂಡ ಅದಲಿ ಬದಲಿ ಆತಂದ್ರ ಇಷ್ಟ ಶಿಕ್ಷೆ ಏನ್ರಿ? ದೊಡ್ಡವರ ಮುಂದ ನೀವು ಒಂದ ಮಾತ ಹೇಳಿ ನೋಡ್ರಿ."

ರೊಟ್ಟಿಯ ಚೂರು ನನ್ನ ಕೈಯಲ್ಲಿತ್ತು. ಹೇಳುತ್ತೇನೆ ಎಂದು ತಲೆಯಾಡಿಸಿ, ಉಂಡು, ಎದ್ದು ಬರಬಹುದಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದೂ ಇತ್ತು. ಈ ಒಂದು ಸಲವಾದರೂ ಅದನ್ನು ನುಂಗಬೇಕೆನಿಸಿತು.

"ಅಕ್ಕಾರ, ತಪ್ಪ ಅವನದಲ್ರಿ. ನಂದು. ತುಂಡ ಯಾರೂ ಬದಲಿ ಮಾಡಿಲ್ಲ. ನಾ ತರಿಸೇ ಇರಲಿಲ್ಲ. ಟೆಸ್ಟ ಮಾಡಲಾರದ ಸಹಿ ಹಾಕಿದ್ನಿ. ಮೀಟಿಂಗಿನ್ಯಾಗ ಅವನ ಮ್ಯಾಲ ಹಾಕಿದ್ನಿ."

ಅವಳ ಕೈ ಹಿಟ್ಟಿನ ಮೇಲೆ ನಿಂತಿತು. ಹಂಚಿನ ಮೇಲಿನ ರೊಟ್ಟಿ ಹೊಗೆಯಾಡತೊಡಗಿತು. ಅವಳು ನೋಡಲಿಲ್ಲ.

"ಇವರಿಗೆ ಗೊತ್ತೈತೇನ್ರಿ?"

"ಗೊತ್ತೈತಿ. ಮದಲಿಂದ ಗೊತ್ತೈತಿ."

"ನನಗ ಹೇಳಲಿಲ್ಲ ನೋಡ್ರಿ" ಎಂದಳು. ನನಗಲ್ಲ, ಒಲೆಗೆ ಹೇಳಿದಂತೆ. "ತುಂಡ ತಪ್ಪಿ ಕೊಟ್ನಿ ಅಂತ ಅಂದ್ರು. ನಾ ನಂಬಿದ್ನಿ. ಏಳ ತಿಂಗಳಾತ್ರಿ. ದಿನಾ ಬೈತೀನ್ರಿ ನಾ ಅವರಿಗೆ. ನಿನ್ನ ಧ್ಯಾನ ಎಲ್ಲಿತ್ತು, ಮಗಳ ಸಾಲಿ ಹಾಳ ಮಾಡಿದಿ, ಎಲಿ ಆಡ್ಕೋತ ಕೂತಿ ಅಂತ. ನಿನ್ನೆ ಸೈತ ಬೈದೀನ್ರಿ. ಉಣ್ಣಾಕ ಕೂತಾಗ."

ನಾನು ಏನೋ ಹೇಳಹೋದೆ. ಕ್ಷಮೆ ಎಂಬ ಶಬ್ದ ಅದರಲ್ಲಿತ್ತು. ಅವಳು ಕರಕಾದ ರೊಟ್ಟಿಯನ್ನು ಹಂಚಿನಿಂದ ತೆಗೆದು ಪಕ್ಕಕ್ಕಿಟ್ಟಳು. ಕಣ್ಣೀರು ಬರುತ್ತಿತ್ತು, ಆದರೆ ದನಿ ಒಡೆಯಲಿಲ್ಲ.

"ಅವರ ಬರೂ ಹೊತ್ತಾತ್ರಿ. ನೀವಿನ್ನ ಹೋಗ್ರಿ. ನೀವ ಇಲ್ಲಿ ಇದ್ರ, ಸರ್ ಬಂದಾರ, ಚಾ ಮಾಡು ಅಂತಾರ ಅವರು. ನನ್ನ ಕೈಲೆ ಮಾಡೂದ ಆಗೂದಿಲ್ಲ."